ಕರುಣೆಗೂ ಒಂದು ಕಟ್ಟಳೆ

ಪರರ ದುಃಖವನ್ನು ಕಂಡು ಕರಗದ ಮನಸ್ಸು ಲೋಕದಲ್ಲಿ ವಿರಳ. ಪ್ರವಾಹದಲ್ಲಿ ಮನೆ ಕಳೆದುಕೊಂಡವರ ಸುದ್ದಿಯನ್ನು ಓದುವಾಗ, ಆಸ್ಪತ್ರೆಯ ಹೊರಗೆ ಮಗುವನ್ನು ಮಡಿಲಲ್ಲಿಟ್ಟುಕೊಂಡು ಕುಳಿತ ತಾಯಿಯನ್ನು ನೋಡುವಾಗ, ಎಂಥವರಿಗೂ ಕಣ್ಣು ತೇವವಾಗುವುದುಂಟು. ಆದರೆ ಹೀಗೆ ಕರಗಿದ ಮನಸ್ಸು ಕೈಗೆ ಇಳಿಯುವಷ್ಟರಲ್ಲಿ ಅರ್ಧ ಆರಿಹೋಗಿರುತ್ತದೆ. ಎರಡು ದಿನ ಕಳೆದರೆ ಮಕ್ಕಳ ಪರೀಕ್ಷೆ, ಅಡಿಗೆಯ ಕೆಲಸ, ಮನೆಯ ಬಾಡಿಗೆ ಇವುಗಳ ನಡುವೆ ಆ ದುಃಖದ ನೆನಪೂ ಉಳಿಯುವುದಿಲ್ಲ. ಇದು ಮನಸ್ಸಿನ ಕಾಠಿಣ್ಯವಲ್ಲ, ಮನಸ್ಸಿನ ಸ್ವಭಾವ. ಭಾವವು ಮಳೆಯ ನೀರಿನಂತೆ ಬರುತ್ತದೆ, ಹರಿದುಹೋಗುತ್ತದೆ. ಅದನ್ನು ನಿಲ್ಲಿಸುವುದಕ್ಕೆ ಕೆರೆಯ ಏರಿಯಂಥ ಒಂದು ಕಟ್ಟು ಬೇಕು. ಆ ಕಟ್ಟನ್ನು ಬಹು ಚೆನ್ನಾಗಿ ಕಟ್ಟಿಕೊಂಡ ಒಂದು ಜನಸಮುದಾಯದ ವಿಷಯವನ್ನು ಈ ತಿಂಗಳು ನಮ್ಮ ವಾಚಕರ ಮುಂದಿಡುತ್ತೇವೆ. ಅವರು ನಮ್ಮ ಮತದವರಲ್ಲ, ಅವರ ಮೂಲಸ್ಥಾನವೂ ನಮ್ಮ ದೇಶವಲ್ಲ. ಆದರೂ ಅವರಿಂದ ಕಲಿಯತಕ್ಕುದು ಇದೆ. ಅವರೊಡನೆ ತರ್ಕಿಸತಕ್ಕುದೂ ಇದೆ.

ಮೆಥಡಿಸ್ಟ್ ಎಂಬುದು ಕ್ರೈಸ್ತಮತದ ಪ್ರಾಟೆಸ್ಟೆಂಟ್ ಪಂಗಡಗಳಲ್ಲೊಂದರ ಹೆಸರು. ‘ಮೆಥಡ್’ ಎಂದರೆ ಕ್ರಮ, ವಿಧಾನ. ಈ ಹೆಸರನ್ನು ಅವರು ತಾವಾಗಿ ಇಟ್ಟುಕೊಂಡದ್ದಲ್ಲ. ಸುಮಾರು 1729ರಲ್ಲಿ ಇಂಗ್ಲೆಂಡಿನ ಆಕ್ಸ್‌ಫರ್ಡ್ ವಿದ್ಯಾಪೀಠದ ಕೆಲವು ತರುಣರು ಒಟ್ಟುಗೂಡಿ, ಇಂಥ ಹೊತ್ತಿಗೆ ಓದು, ಇಂಥ ಹೊತ್ತಿಗೆ ಪ್ರಾರ್ಥನೆ, ಇಂಥ ದಿನ ಉಪವಾಸ ಎಂದು ನಿಯಮವಿಟ್ಟುಕೊಂಡು ನಡೆಯತೊಡಗಿದರು. ಮರು ವರ್ಷದಿಂದ ಸೆರೆಮನೆಗೆ ಹೋಗಿ ಅಲ್ಲಿದ್ದವರನ್ನು ನೋಡಿಬರುವುದನ್ನೂ ಆ ನಿಯಮಕ್ಕೆ ಸೇರಿಸಿದರು. ಜೊತೆಯ ವಿದ್ಯಾರ್ಥಿಗಳಿಗೆ ಇದು ನಗುವ ವಿಷಯವಾಯಿತು. ‘ಕಟ್ಟಳೆಗಾರರು’ ಎಂಬರ್ಥದಲ್ಲಿ ಇವರನ್ನು ಮೆಥಡಿಸ್ಟರೆಂದು ಹಂಗಿಸಿದರು. ಹಂಗಿಸಿದ ಹೆಸರೇ ನಿಂತಿತು. ಆ ತರುಣರಲ್ಲಿ ಪ್ರಮುಖರು ಜಾನ್ ವೆಸ್ಲಿ ಮತ್ತು ಅವರ ತಮ್ಮ ಚಾರ್ಲ್ಸ್ ವೆಸ್ಲಿ.

ಈ ಕಟ್ಟಳೆಯ ಬುದ್ಧಿ ಜಾನ್ ವೆಸ್ಲಿಯವರಿಗೆ ಎಲ್ಲಿಂದ ಬಂದಿತೆಂಬುದನ್ನು ನಮ್ಮ ಸೋದರಿಯರು ವಿಶೇಷವಾಗಿ ಗಮನಿಸಬೇಕು. ಅವರು 1703ರಲ್ಲಿ ಎಪ್‌ವರ್ತ್ ಎಂಬ ಊರಿನಲ್ಲಿ ಒಬ್ಬ ಪಾದ್ರಿಯ ಮಗನಾಗಿ ಹುಟ್ಟಿದರು. ತಾಯಿ ಸುಸಾನಾ ಹತ್ತೊಂಬತ್ತು ಮಕ್ಕಳನ್ನು ಹೆತ್ತು, ಅವರಲ್ಲಿ ಹಲವರನ್ನು ಶೈಶವದಲ್ಲಿಯೇ ಕಳೆದುಕೊಂಡ ಗೃಹಿಣಿ. ಮನೆಯಲ್ಲಿ ಬಡತನ, ಸಾಲದ ಕಾಟ ಬೇರೆ. ಅಷ್ಟು ಮಕ್ಕಳ ನಡುವೆ ಯಾರ ಮನಸ್ಸಿನಲ್ಲಿ ಏನಿದೆಯೆಂದು ತಿಳಿಯುವುದು ಹೇಗೆ? ಆಕೆ ವಾರದ ಒಂದೊಂದು ಸಂಜೆಯನ್ನು ಒಂದೊಂದು ಮಗುವಿಗೆಂದು ಮೀಸಲಿಟ್ಟು, ಆ ಮಗುವಿನೊಡನೆ ಏಕಾಂತದಲ್ಲಿ ಮಾತನಾಡುತ್ತಿದ್ದಳು. ಗುರುವಾರದ ಸಂಜೆ ಜಾನನದು. ಮಕ್ಕಳ ಮೇಲಿನ ಪ್ರೀತಿ ಎಲ್ಲ ತಾಯಂದಿರಿಗೂ ಇರುತ್ತದೆ. ಆ ಪ್ರೀತಿಗೆ ಒಂದು ವಾರವನ್ನು ಗೊತ್ತುಮಾಡಿದ್ದು ಈ ತಾಯಿಯ ವಿಶೇಷ.

1739ರಲ್ಲಿ ವೆಸ್ಲಿಯವರು ಬ್ರಿಸ್ಟಲ್ ಪಟ್ಟಣಕ್ಕೆ ಬಂದರು. ಅದರ ಸಮೀಪದ ಕಿಂಗ್ಸ್‌ವುಡ್ಡಿನಲ್ಲಿ ಕಲ್ಲಿದ್ದಲು ಅಗೆಯುವ ಬಡಜನರಿದ್ದರು. ಅವರು ಚರ್ಚಿನ ಬಾಗಿಲಿಗೆ ಬರುವವರಲ್ಲ. ಬಂದರೂ ಅವರನ್ನು ಆದರದಿಂದ ಕರೆಯುವವರಿರಲಿಲ್ಲ. ವೆಸ್ಲಿಯವರ ಮಿತ್ರರಾದ ಜಾರ್ಜ್ ವೈಟ್‌ಫೀಲ್ಡರು ಆಗಲೇ ಬಯಲಿನಲ್ಲಿ ನಿಂತು ಅವರಿಗೆ ಉಪದೇಶ ಮಾಡುತ್ತಿದ್ದರು. ಶಿಷ್ಟಾಚಾರದಲ್ಲಿ ಬೆಳೆದ ವೆಸ್ಲಿಯವರಿಗೆ ಬಯಲಿನ ಉಪದೇಶವೆಂದರೆ ಮೊದಮೊದಲು ಸಂಕೋಚ. ಆ ಸಂಕೋಚವನ್ನು ಬಿಟ್ಟು ಹೊರಗೆ ಬಂದದ್ದೇ ಅವರ ಜೀವನದ ತಿರುವು. ಜನರು ದೇವಾಲಯಕ್ಕೆ ಬರಲೆಂದು ಕಾಯುವ ಬದಲು ಜನರಿದ್ದಲ್ಲಿಗೆ ತಾವು ಹೋಗುವುದೆಂಬ ನಿಯಮ ಅಲ್ಲಿಂದ ಬೆಳೆಯಿತು.

ಇನ್ನು ಕಟ್ಟಳೆಯ ಮಾತು. ಬ್ರಿಸ್ಟಲಿನಲ್ಲಿ ಅವರು ಕಟ್ಟಿದ ಸಭಾಮಂದಿರದ ಮೇಲೆ ಸಾಲವಿತ್ತು. 1742ರಲ್ಲಿ ಆ ಸಾಲವನ್ನು ತೀರಿಸುವ ವಿಚಾರ ಬಂದಾಗ, ಪ್ರತಿಯೊಬ್ಬರೂ ವಾರಕ್ಕೊಂದು ಪೆನ್ನಿ ಕೊಡಬೇಕೆಂದು ಒಬ್ಬರು ಸೂಚಿಸಿದರು. ‘ಅಷ್ಟೂ ಕೊಡಲಾರದ ಬಡವರಿದ್ದಾರಲ್ಲಾ’ ಎಂದು ಆಕ್ಷೇಪ ಬಂದಿತು. ಸೂಚಿಸಿದವರು ಹಿಂದೆಗೆಯಲಿಲ್ಲ: ಹನ್ನೊಂದು ಮಂದಿ ಕಡುಬಡವರನ್ನು ತಮ್ಮ ಲೆಕ್ಕಕ್ಕೆ ಹಾಕಬೇಕೆಂದೂ, ಅವರು ಕೊಟ್ಟರೆ ಸರಿ, ಕೊಡಲಾಗದಿದ್ದರೆ ಅವರ ಪಾಲನ್ನು ತಾವೇ ತೆರುವೆವೆಂದೂ ಹೇಳಿದರು. ಹೀಗೆ ಹನ್ನೆರಡು ಹನ್ನೆರಡು ಮಂದಿಯ ಗುಂಪುಗಳಾದುವು. ಒಂದೊಂದಕ್ಕೆ ಒಬ್ಬ ಮುಖಂಡ. ಆತನು ವಾರವಾರವೂ ಹನ್ನೊಂದು ಮನೆಗಳ ಮೆಟ್ಟಿಲನ್ನು ಹತ್ತಿಳಿಯಬೇಕಾಯಿತು. ಹತ್ತಿ ನೋಡಿದಾಗ ಒಂದು ಮನೆಯಲ್ಲಿ ಜ್ವರ, ಇನ್ನೊಂದರಲ್ಲಿ ಜಗಳ, ಮತ್ತೊಂದರಲ್ಲಿ ಕೆಲಸವಿಲ್ಲದೆ ಕುಳಿತ ಗಂಡ. ಪೆನ್ನಿಗಾಗಿ ಹೋದವರಿಗೆ ಮನುಷ್ಯರು ಸಿಕ್ಕಿದರು. ಸಾಲಕ್ಕಾಗಿ ಹುಟ್ಟಿದ ಏರ್ಪಾಡು ಒಬ್ಬರನ್ನೊಬ್ಬರು ನೋಡಿಕೊಳ್ಳುವ ಏರ್ಪಾಡಾಗಿ, ಮೆಥಡಿಸ್ಟ್ ಸಭೆಗೆ ಬೆನ್ನೆಲುಬಾಯಿತು.

ಲಂಡನ್ನಿನಲ್ಲಿಯೂ ಇದೇ ರೀತಿ. ರೋಗಿಗಳನ್ನು ನೋಡಿಕೊಳ್ಳಲು ಸ್ವಯಂಸೇವಕರು ಬೇಕೆಂದಾಗ ಅನೇಕರು ಮುಂದೆ ಬಂದರು. ಅವರಲ್ಲಿ ನಲವತ್ತಾರು ಮಂದಿಯನ್ನು ವೆಸ್ಲಿಯವರು ಆರಿಸಿ, ನಗರವನ್ನು ಇಪ್ಪತ್ತಮೂರು ಭಾಗಗಳಾಗಿ ವಿಂಗಡಿಸಿ, ಭಾಗಕ್ಕೆ ಇಬ್ಬರಂತೆ ನೇಮಿಸಿದರು. ತಮ್ಮ ಭಾಗದ ರೋಗಿಗಳನ್ನು ವಾರಕ್ಕೆ ಮೂರು ಸಲ ನೋಡಬೇಕು, ಅವರ ಬೇಕುಬೇಡಗಳನ್ನು ವಿಚಾರಿಸಬೇಕು, ಲೆಕ್ಕವನ್ನು ಒಪ್ಪಿಸಬೇಕು. ಮಾತಿನಲ್ಲಿ ಮೃದುವಾಗಿರಬೇಕು, ತಾಳ್ಮೆಯಿರಬೇಕು, ಮಾಡುವ ಕೆಲಸ ಶುಚಿಯಾಗಿರಬೇಕು, ಆದರೆ ಹೇಸಿಕೊಳ್ಳಕೂಡದು. ಈ ಕೊನೆಯ ಎರಡು ಮಾತುಗಳನ್ನು ಒಟ್ಟಿಗೆ ಇಟ್ಟದ್ದರಲ್ಲಿ ದೊಡ್ಡ ಅನುಭವವಿದೆ. ಶುಚಿಯಾಗಿರುವವರಿಗೆ ಹೇಸಿಗೆ ಹೆಚ್ಚು, ಹೇಸಿಗೆಯಿಲ್ಲದವರಿಗೆ ಶುಚಿ ಕಡಮೆ ಎಂಬುದು ಸಾಮಾನ್ಯವಾಗಿ ಕಾಣುವ ಸಂಗತಿ. ಎರಡನ್ನೂ ಹೊಂದಿಸಿಕೊಂಡವರೇ ರೋಗಿಯ ಬಳಿ ಕುಳಿತುಕೊಳ್ಳಲು ಯೋಗ್ಯರು.

1746ರಲ್ಲಿ ಅವರು ಬಡವರಿಗೆ ಔಷಧ ಕೊಡುವ ವ್ಯವಸ್ಥೆಯನ್ನು ಮಾಡಿದರು. ಮರು ವರ್ಷ ಮನೆಮದ್ದುಗಳ ಒಂದು ಪುಸ್ತಕವನ್ನು ಅಚ್ಚುಹಾಕಿಸಿದರು. ಅದರ ಕೆಲವು ಮದ್ದುಗಳನ್ನು ಈಗಿನ ವೈದ್ಯರು ಒಪ್ಪುವುದಿಲ್ಲ. ವೈದ್ಯರಿಗೆ ಹಣ ತೆರಲಾರದವರಿಗಾಗಿ ಅದು ಹುಟ್ಟಿತೆಂಬುದು ನಮಗೆ ಮುಖ್ಯ. ಆ ಕಾಲದಲ್ಲಿಯೇ ಒಂದು ಸಣ್ಣ ಸಾಲದ ನಿಧಿಯನ್ನೂ ಸ್ಥಾಪಿಸಿದರು. ಇಪ್ಪತ್ತು ಷಿಲ್ಲಿಂಗಿನವರೆಗೆ ಬಡ್ಡಿಯಿಲ್ಲದ ಸಾಲ. ವಾರವಾರ ಸ್ವಲ್ಪ ಸ್ವಲ್ಪವಾಗಿ ಮೂರು ತಿಂಗಳೊಳಗೆ ಹಿಂದಿರುಗಿಸಬೇಕು. ಆ ನಿಧಿ ಮತ್ತೆ ಮತ್ತೆ ಕೈ ಬದಲಾಯಿಸಿ ಇನ್ನೂರೈವತ್ತಕ್ಕೂ ಹೆಚ್ಚು ಮಂದಿಗೆ ಒದಗಿತು. ಮುದುಕರಾದ ಮೇಲೂ ವೆಸ್ಲಿಯವರು ಈ ಕೆಲಸವನ್ನು ಬಿಡಲಿಲ್ಲ. 1785ರ ಜನವರಿಯಲ್ಲಿ, ಎಂಬತ್ತೊಂದನೆಯ ವಯಸ್ಸಿನಲ್ಲಿ, ಕಾಲು ಮುಳುಗುವ ಹಿಮದ ಕೆಸರಿನಲ್ಲಿ ಲಂಡನ್ನಿನ ಬೀದಿಗಳನ್ನು ಐದು ದಿನ ಸುತ್ತಿ, ಬಡವರ ಬಟ್ಟೆಗಾಗಿ ಇನ್ನೂರು ಪೌಂಡು ಭಿಕ್ಷೆಯೆತ್ತಿದರು.

ಅದೇ 1785ರಲ್ಲಿ ಅಲ್ಲಿ ‘ಅಪರಿಚಿತರ ಮಿತ್ರರ ಸಂಘ’ ಎಂಬರ್ಥದ ಹೆಸರಿನ ಒಂದು ಸಂಘ ಹುಟ್ಟಿತು. ಬ್ರಿಸ್ಟಲ್ ಮೊದಲಾದ ಊರುಗಳಿಗೂ ಹಬ್ಬಿತು. ಅದರ ನಿಯಮವನ್ನು ವಾಚಕರು ಗಮನವಿಟ್ಟು ನೋಡಬೇಕು. ನೆರವು ತಮ್ಮ ಸಭೆಯವರಿಗಲ್ಲ. ಊರಿಗೆ ಹೊಸಬರಾಗಿ ಬಂದು, ರೋಗಕ್ಕೆ ತುತ್ತಾಗಿ, ಕೇಳುವವರಿಲ್ಲದೆ ಬಿದ್ದಿರುವ ಪರಕೀಯರಿಗೆ. ತಮ್ಮವರನ್ನು ನೋಡಿಕೊಳ್ಳಲು ತಮ್ಮ ಹನ್ನೆರಡರ ಗುಂಪುಗಳಿದ್ದುವು. ಯಾರ ಗುಂಪಿಗೂ ಸೇರದವರಿಗೆ ಈ ಸಂಘ.

ಈ ಪದ್ಧತಿ ಅಮೆರಿಕಕ್ಕೆ ಹೋಗಿ ಅಲ್ಲಿ ಬಹಳ ವಿಸ್ತಾರವಾಯಿತು. 1940ರಲ್ಲಿ, ಯುದ್ಧದಿಂದ ದಿಕ್ಕೆಟ್ಟ ಜನರಿಗಾಗಿ, ಅಲ್ಲಿನ ಮೆಥಡಿಸ್ಟರು ಒಂದು ಪರಿಹಾರ ಸಮಿತಿಯನ್ನು ಸ್ಥಾಪಿಸಿದರು. ಅದು ಇಂದಿಗೂ ಕೆಲಸ ಮಾಡುತ್ತಿದೆ. ಅವರ ಏರ್ಪಾಡುಗಳಲ್ಲೊಂದು ನಮ್ಮ ಗೃಹಿಣಿಯರಿಗೆ ರುಚಿಸುವಂಥದು. ಪ್ರವಾಹ ಇಳಿದ ಮೇಲೆ ಮನೆಯೊಳಗೆ ನಿಂತ ಕೆಸರನ್ನು ತೆಗೆಯುವುದೇ ಮೊದಲ ಕಷ್ಟವಷ್ಟೆ. ಅದಕ್ಕಾಗಿ ಊರೂರಿನ ಸಭೆಗಳ ಹೆಂಗಸರು, ಗಂಡಸರು, ಮಕ್ಕಳು ಸೇರಿ, ಮುಚ್ಚಳವಿರುವ ಒಂದೊಂದು ಬಕೆಟ್ಟಿನಲ್ಲಿ ಸಾಬೂನಿನ ದ್ರಾವಣ, ಉಜ್ಜುವ ಬ್ರಷ್ಷು, ಸ್ಪಂಜು, ಕೈಚೀಲ, ಮೂಗು ಮುಚ್ಚುವ ಬಟ್ಟೆ, ಬಟ್ಟೆ ಒಣಗಿಸುವ ಹಗ್ಗ, ಕ್ಲಿಪ್ಪು, ಕಸದ ಚೀಲ ಇವುಗಳನ್ನು ಗೊತ್ತಾದ ಪಟ್ಟಿಯಂತೆ ತುಂಬಿ ಉಗ್ರಾಣಕ್ಕೆ ಕಳುಹಿಸುತ್ತಾರೆ. ಎಲ್ಲವೂ ಹೊಸದಾಗಿರಬೇಕು. ನಾವು ಉಟ್ಟು ಬಿಟ್ಟದ್ದನ್ನು, ನಮಗೆ ಬೇಡವಾದುದನ್ನು ಗಂಟುಕಟ್ಟಿ ಕಳುಹಿಸಿ ಪುಣ್ಯ ಬಂದಿತೆಂದುಕೊಳ್ಳುವವರು ಈ ನಿಯಮವನ್ನು ಎರಡು ಸಲ ಓದಬೇಕು.

ಬಕೆಟ್ಟುಗಳ ಹಿಂದೆಯೇ ಸ್ವಯಂಸೇವಕರೂ ಹೋಗುತ್ತಾರೆ. 2005ರಲ್ಲಿ ಕಟ್ರೀನಾ ಎಂಬ ಚಂಡಮಾರುತ ಅಮೆರಿಕದ ದಕ್ಷಿಣ ತೀರವನ್ನು ಹಾಳುಗೆಡವಿದಾಗ, ದೇಶದ ನಾನಾ ಕಡೆಗಳಿಂದ ಇಂಥ ತಂಡಗಳು ಹೋಗಿ ಕೆಸರು ಬಳಿದುವು, ಗೋಡೆಗಳನ್ನು ಕೂರಿಸಿದುವು. ನಿವೃತ್ತರಾದ ಶಿಕ್ಷಕರು, ಬಡಗಿಗಳು, ದಾದಿಯರು, ಕಾಲೇಜಿನ ಹುಡುಗರು ತಮ್ಮ ರಜೆಯನ್ನು ಕೊಟ್ಟು, ಸಾಮಾನ್ಯವಾಗಿ ತಮ್ಮ ಖರ್ಚನ್ನು ತಾವೇ ಹಾಕಿಕೊಂಡು ಹೋಗುವುದು ಇವರಲ್ಲಿ ರೂಢಿಯಾಗಿದೆ. ಇದರಲ್ಲಿಯೂ ಅಪಾಯವಿಲ್ಲದೆ ಇಲ್ಲ. ದೂರದೇಶಕ್ಕೆ ಒಂದು ವಾರ ಹೋಗಿ ಗೋಡೆಗೆ ಬಣ್ಣ ಬಳಿದು, ಬಡಮಕ್ಕಳೊಡನೆ ಚಿತ್ರ ತೆಗೆಸಿಕೊಂಡು ಬರುವವರಿಂದ ಆ ಊರಿಗಾಗುವ ಲಾಭಕ್ಕಿಂತ ಅವರಿಗೇ ಆಗುವ ಸಂತೋಷ ಹೆಚ್ಚು. ಆ ಗೋಡೆಗೆ ಬಣ್ಣ ಬಳಿಯಲು ಆ ಊರಿನಲ್ಲೇ ಕೆಲಸವಿಲ್ಲದ ಕೂಲಿಯವನಿರುತ್ತಾನೆ. ಕರೆದಲ್ಲಿಗೆ ಹೋಗಬೇಕು, ಊರವರು ಹೇಳಿದ್ದನ್ನು ಮಾಡಬೇಕು, ನಮ್ಮ ಕೈಗಿಂತ ಅವರ ಕೈ ಮುಂದಿರಬೇಕು ಎಂಬ ವಿವೇಕವನ್ನು ಅವರಲ್ಲಿಯೇ ಬಲ್ಲವರು ಬೋಧಿಸುತ್ತಿದ್ದಾರೆ.

ದೂರದ ಮಾತು ಸಾಕು; ಈ ಕಟ್ಟಳೆಗಾರರು ನಮ್ಮ ಕನ್ನಡನಾಡಿಗೂ ಬಂದವರು. ವೆಸ್ಲಿಯವರ ಹೆಸರಿನ ಮಿಷನ್ ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದಲ್ಲಿಯೇ ಬೆಂಗಳೂರು, ಮೈಸೂರು, ಗುಬ್ಬಿ, ತುಮಕೂರುಗಳಲ್ಲಿ ನೆಲೆಯೂರಿತು. ಅವರು ನಡೆಸಿದ ಶಾಲೆಗಳಲ್ಲಿ ಓದಿದವರು ನಮ್ಮಲ್ಲಿ ಬಹುಮಂದಿ. ಮೈಸೂರಿನಿಂದ ಹೊರಡುತ್ತಿದ್ದ ಅವರ ‘ವೃತ್ತಾಂತ ಪತ್ರಿಕೆ’ ಕನ್ನಡದ ಹಳ್ಳಿಗಳಿಗೆ ವಾರವಾರ ಲೋಕವಾರ್ತೆಯನ್ನು ಮುಟ್ಟಿಸಿತು. 1849ರಲ್ಲಿ ಬೆಂಗಳೂರಿನ ವೆಸ್ಲಿಯನ್ ಮಿಷನ್ ಮುದ್ರಣಾಲಯದಿಂದ ಜಾನ್ ಗ್ಯಾರೆಟ್ ಎಂಬ ಪಾದ್ರಿಗಳು ಭಗವದ್ಗೀತೆಯನ್ನೇ ಸಂಸ್ಕೃತ, ಕನ್ನಡ, ಇಂಗ್ಲಿಷ್ ಈ ಮೂರು ಭಾಷೆಗಳಲ್ಲಿ ಒಟ್ಟಾಗಿ ಅಚ್ಚುಹಾಕಿಸಿದರು. ಮೈಸೂರಿನಲ್ಲಿ ಜನರು ‘ಮಿಷನ್ ಆಸ್ಪತ್ರೆ’ ಎನ್ನುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ 1906ರಲ್ಲಿ ಪ್ರಾರಂಭವಾಯಿತು. ಅದಕ್ಕೆ ಇಟ್ಟ ಹೆಸರು ಮಿಷನರಿಯೊಬ್ಬರ ದಿವಂಗತ ಪತ್ನಿಯದು. ಪುರುಷವೈದ್ಯರ ಮುಂದೆ ಬರಲು ನಾಚಿ, ಹೆರಿಗೆಯ ಕೋಣೆಯ ಕತ್ತಲಲ್ಲೇ ಪ್ರಾಣಬಿಡುತ್ತಿದ್ದ ಸ್ತ್ರೀಯರಿದ್ದ ಕಾಲದಲ್ಲಿ ಇಂಥ ಆಸ್ಪತ್ರೆಯ ಬೆಲೆ ಏನೆಂಬುದನ್ನು ಹಳೆಯ ಮನೆತನಗಳವರಿಗೆ ಹೇಳಬೇಕಾದುದಿಲ್ಲ. 1947ರ ಸೆಪ್ಟೆಂಬರ್ 27ರಂದು ದಕ್ಷಿಣ ಭಾರತದ ಐಕ್ಯಸಭೆ ಏರ್ಪಟ್ಟಾಗ ಈ ವೆಸ್ಲಿಯನ್ ಸಭೆಗಳು ಅದರಲ್ಲಿ ಸೇರಿಹೋದುವು. ಅಮೆರಿಕದಿಂದ ಬಂದ ಮೆಥಡಿಸ್ಟರ ಪರಂಪರೆ ಮಾತ್ರ ಬೀದರ, ಕೋಲಾರ ಮೊದಲಾದ ಕಡೆಗಳಲ್ಲಿ ಬೇರೆಯಾಗಿ ಮುಂದುವರಿದಿದೆ.

ಇಲ್ಲಿ ಒಂದು ಪ್ರಶ್ನೆಯನ್ನು ಮುಚ್ಚಿಡುವುದು ಸರಿಯಲ್ಲ. ಇವರು ಬಂದದ್ದು ಆಸ್ಪತ್ರೆ ಕಟ್ಟುವುದಕ್ಕೋ, ಮತವನ್ನು ಹರಡುವುದಕ್ಕೋ? ಮತವನ್ನು ಹರಡುವುದಕ್ಕೆ, ಅದನ್ನು ಅವರು ಬಚ್ಚಿಡಲೂ ಇಲ್ಲ. ಹಾಗಾದರೆ ಈ ಸೇವೆಯನ್ನು ಸೇವೆಯೆನ್ನಬಹುದೆ? ನಮ್ಮ ಅಭಿಪ್ರಾಯ ಹೀಗಿದೆ. ಹಸಿದವನಿಗೆ ಅನ್ನವನ್ನು ತೋರಿಸಿ, ‘ನನ್ನ ದೇವರನ್ನು ಒಪ್ಪಿದರೆ ಕೊಡುತ್ತೇನೆ’ ಎಂದರೆ ಅದು ಸೇವೆಯಲ್ಲ, ವ್ಯಾಪಾರ. ಯಾರು ಹಾಗೆ ಮಾಡಿದರೂ, ಯಾವ ದೇವರ ಹೆಸರಿನಲ್ಲಿ ಮಾಡಿದರೂ, ಅದು ಖಂಡನೀಯ. ಫಲಾಪೇಕ್ಷೆಯಿಲ್ಲದ ಕರ್ಮವೇ ಶ್ರೇಷ್ಠವೆಂದು ಬೋಧಿಸುವ ಗೀತೆಯನ್ನು ಅಚ್ಚುಹಾಕಿದವರಿಗೆ ನಾವು ಈ ಮಾತನ್ನು ನೆನಪಿಸಬಹುದು. ಆದರೆ ನೆನಪಿಸುವ ಮೊದಲು ನಮ್ಮನ್ನು ನಾವೇ ಕೇಳಿಕೊಳ್ಳತಕ್ಕ ಇನ್ನೊಂದು ಪ್ರಶ್ನೆಯಿದೆ. ಅವರು ಆ ಮನೆಯ ಬಾಗಿಲಿಗೆ ಹೋದಾಗ ಅಲ್ಲಿ ನಮ್ಮವರು ಯಾರಾದರೂ ಮೊದಲೇ ಹೋಗಿದ್ದರೆ?

ನಮ್ಮಲ್ಲಿ ಕರುಣೆಯಿರಲಿಲ್ಲವೆಂದಲ್ಲ; ಕಟ್ಟಳೆಯೂ ಇತ್ತು. ಶಾಸ್ತ್ರಕಾರರು ಗೃಹಸ್ಥನ ಪುಣ್ಯಕರ್ಮಗಳನ್ನು ಇಷ್ಟವೆಂದೂ ಪೂರ್ತವೆಂದೂ ವಿಂಗಡಿಸಿ, ಬಾವಿ, ಕೆರೆ, ತೋಪು, ಅನ್ನದಾನಗಳನ್ನು ಯಜ್ಞದ ಪಕ್ಕದಲ್ಲಿಯೇ ಕೂರಿಸಿದರು. ಅತಿಥಿಸತ್ಕಾರವನ್ನು ನಿತ್ಯದ ಐದು ಯಜ್ಞಗಳಲ್ಲಿ ಒಂದೆಂದರು. ನಮ್ಮ ಊರುಗಳಲ್ಲಿ ಹಿಂದೆ ನಡೆಯುತ್ತಿದ್ದ ವಾರಾನ್ನವನ್ನೇ ನೋಡಿರಿ. ಬಡ ವಿದ್ಯಾರ್ಥಿಗೆ ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ. ಯಾರಿಗೂ ಭಾರವಿಲ್ಲ, ಹುಡುಗನಿಗೆ ಉಪವಾಸವಿಲ್ಲ. ಹೀಗೆ ಉಂಡು ಓದಿ ದೊಡ್ಡವರಾದವರು ಎಷ್ಟೋ ಮಂದಿ. ವಾರಕ್ಕೊಂದು ಪೆನ್ನಿಯ ಕಟ್ಟಳೆಗೆ ಇದು ಯಾವುದರಲ್ಲಿ ಕಡಮೆ?

ಕಡಮೆ ಎರಡು ವಿಷಯಗಳಲ್ಲಿ. ಮೊದಲನೆಯದು, ನಮ್ಮ ಕಟ್ಟಳೆ ಬಾಗಿಲಲ್ಲಿ ನಿಂತು ಕಾಯುವಂಥದು. ತಿಥಿಯನ್ನು ಗೊತ್ತುಮಾಡದೆ ಬರುವವನು ಅತಿಥಿ, ಬಂದರೆ ಪೂಜಿಸುತ್ತೇವೆ. ಬರಲಾರದವನ ಗತಿಯೇನು? ಹಾಸಿಗೆಯಿಂದ ಏಳಲಾರದವನು, ನಾಚಿಕೆಯಿಂದ ಬೀದಿಗಿಳಿಯದ ವಿಧವೆ, ಬಂದರೂ ಹೊಸಿಲಿನಾಚೆಯೇ ನಿಲ್ಲಬೇಕಾಗಿದ್ದವನು, ಇವರು ಅತಿಥಿಗಳಾಗುವುದು ಹೇಗೆ? ಎರಡನೆಯದು, ವಾರಾನ್ನದ ಎಲೆ ಪ್ರಾಯಶಃ ತಮ್ಮ ತಮ್ಮ ಜಾತಿಯ ಹುಡುಗನಿಗೇ ಬೀಳುತ್ತಿತ್ತು. ಕಟ್ಟಳೆಯಿತ್ತು, ಅದಕ್ಕೆ ಬೇಲಿಯೂ ಇತ್ತು. ಆ ಬೇಲಿಯನ್ನು ದಾಟಿದವರು ನಮ್ಮಲ್ಲಿಯೂ ಇಲ್ಲದೆ ಇಲ್ಲ. ತುಮಕೂರಿನ ಸಿದ್ಧಗಂಗಾ ಮಠದಲ್ಲಿ ಜಾತಿಮತಗಳನ್ನೆಣಿಸದೆ ಸಾವಿರಾರು ಮಕ್ಕಳಿಗೆ ಅನ್ನವನ್ನೂ ವಿದ್ಯೆಯನ್ನೂ ಕೊಡುತ್ತಿರುವುದನ್ನು ನಾಡೆಲ್ಲ ಬಲ್ಲುದು. ಆದರೆ ಮಠವೊಂದು ಮಾಡಿದುದರಿಂದ ನಮ್ಮ ಮನೆಯ ಹೊಣೆ ತೀರುವುದಿಲ್ಲ. ಅವರ ಹೊರಗೆ ಹೋಗುವ ಕಾಲು, ನಮ್ಮ ಶಾಸ್ತ್ರದ ಫಲ ಬಯಸದ ಮನಸ್ಸು, ಇವೆರಡೂ ಕೂಡಿದರೆ ಅದನ್ನು ನಿಸ್ಸಂಶಯವಾಗಿ ಸೇವೆಯೆನ್ನಬಹುದು.

ಇದಕ್ಕೆ ಸಮುದ್ರ ದಾಟಬೇಕಾಗಿಲ್ಲ, ದೊಡ್ಡ ಸಂಘವೂ ಬೇಡ. ಒಂದು ಬೀದಿಯ ಹನ್ನೆರಡು ಮನೆಗಳು ಸಾಕು. ವಾರಕ್ಕಿಷ್ಟೆಂದು ಒಂದು ಸಣ್ಣ ಮೊತ್ತವನ್ನು ಗೊತ್ತುಮಾಡಿಕೊಳ್ಳಿರಿ; ಕೊಡಲಾಗದ ಮನೆಯವರ ಪಾಲನ್ನು ಉಳ್ಳವರು ಸದ್ದಿಲ್ಲದೆ ತೆತ್ತುಬಿಡಲಿ. ಹಣವನ್ನು ಫೋನಿನಲ್ಲಿ ಕಳುಹಿಸುವುದು ಈಗ ಸುಲಭ. ಆದರೂ ಅದನ್ನು ಪಡೆಯಲು ಒಬ್ಬರು ಮನೆಮನೆಗೆ ನಡೆದುಕೊಂಡೇ ಹೋಗಲಿ, ಏಕೆಂದರೆ ಈ ಏರ್ಪಾಡಿನಲ್ಲಿ ಹಣಕ್ಕಿಂತ ಭೇಟಿಯೇ ಮುಖ್ಯ. ಲೆಕ್ಕವನ್ನು ಬರೆದಿಡಿರಿ. ಆ ನಿಧಿಯ ಒಂದು ಭಾಗ ನಿಮ್ಮ ಹನ್ನೆರಡು ಮನೆಗಳಿಗೆ ಸೇರದವರಿಗೇ ಮೀಸಲಾಗಿರಲಿ: ಊರು ಬಿಟ್ಟು ಬಂದು ಕಟ್ಟಡದ ಕೆಲಸ ಮಾಡುವ ಕೂಲಿಯ ಸಂಸಾರ, ಆಸ್ಪತ್ರೆಯಲ್ಲಿ ಭಾಷೆ ತಿಳಿಯದೆ ನಿಂತ ಪರಊರಿನ ಮುದುಕ. ಕೊಡುವಾಗ ಅವರ ಜಾತಿಯನ್ನೂ ದೇವರನ್ನೂ ಕೇಳಬೇಡಿರಿ. ಕೊಟ್ಟ ಮೇಲೆ ಕೃತಜ್ಞತೆಯನ್ನು ನಿರೀಕ್ಷಿಸಬೇಡಿರಿ. ಮನಸ್ಸು ಕರಗಿದ ವಾರವೂ ಹೋಗಬೇಕು, ಕರಗದ ವಾರವೂ ಹೋಗಬೇಕು. ಮಳೆಯಿಲ್ಲದ ತಿಂಗಳಲ್ಲಿ ಊರಿಗೆ ನೀರು ಕೊಡುವುದಕ್ಕಾಗಿಯೇ ಅಲ್ಲವೆ ಹಿರಿಯರು ಕೆರೆಯನ್ನು ಕಟ್ಟಿದುದು?